ಎದುರು ಬಾವುಟದವಳು

ನಮ್ಮ ಊರಿಗೆ ಕಡಲಿಲ್ಲ. ಕಡಲನ್ನು ನೋಡಿ ಬಂದವರೂ ನಮ್ಮಲ್ಲಿ ಯಾರೂ ಇಲ್ಲ. ಆದರೆ ಪ್ರತಿ ಮನೆಯ ನಡುಮನೆಯಲ್ಲಿ ಒಂದು ತಾಮ್ರದ ಹರಿವಾಣವಿತ್ತು. ಅದರಲ್ಲಿ ನಾಲ್ಕು ಬೆರಳು ನೀರಿತ್ತು. ಆ ನೀರು ಎಲ್ಲ ಮನೆಗಳಲ್ಲೂ ಒಂದೇ ನೀರು. ನಮ್ಮ ಹರಿವಾಣದಲ್ಲಿ ಅಲೆ ಎದ್ದರೆ ಬೀದಿಯ ಕೊನೆಯ ಮನೆಯಲ್ಲೂ ಅದೇ ಅಲೆ ಏಳುತ್ತಿತ್ತು, ಹೆಸರೇ ತಿಳಿಯದ ದೂರದ ಊರುಗಳಲ್ಲೂ ಏಳುತ್ತಿತ್ತು. ಬಗ್ಗಿ ನೋಡಿದರೆ ಕಡಲು ಕಾಣುತ್ತಿತ್ತು. ಕಡಲಿನ ಮೇಲೆ ಹಡಗುಗಳು. ಹಡಗುಗಳ ಮೇಲೆ ಬಾವುಟಗಳು.

ಬಾವುಟಗಳು ಮೂರು. ಆಮೆಯ ಬಾವುಟದವರ ಹಡಗುಗಳು ದಪ್ಪ ಮೈಯವು, ನಿಧಾನ, ಆದರೆ ಮುಳುಗಿಸುವುದು ಕಷ್ಟ. ಮೀನಿನ ಬಾವುಟದವರದು ಹಗುರ ದೋಣಿಗಳು. ಬಂದದ್ದೂ ಹೋದದ್ದೂ ಗೊತ್ತಾಗುವುದಿಲ್ಲ. ಕೊಕ್ಕರೆಯ ಬಾವುಟದವರು ಎಲ್ಲರಿಗಿಂತ ಮೊದಲು ದೂರದ್ದನ್ನು ಕಾಣುತ್ತಿದ್ದರು, ಎಲ್ಲರಿಗಿಂತ ಮೊದಲು ಓಡುತ್ತಿದ್ದರು. ವಯಸ್ಸಿಗೆ ಬಂದವರನ್ನು ಒಂದು ಹಗಲು ಬಾವುಟವಿಲ್ಲದೆ ಹರಿವಾಣದ ಮುಂದೆ ಕೂರಿಸುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಅವರು ಮೂರರಲ್ಲಿ ಒಂದನ್ನು ಹಿಡಿಯಬೇಕು. ಹಿಡಿದದ್ದನ್ನು ಬಿಡುವಂತಿಲ್ಲ. ಇದ್ದ ಹಡಗುಗಳೆಲ್ಲ ಮುಳುಗಿ ಸೋತವರು ಮಾತ್ರ ಬಾವುಟ ಬದಲಿಸುತ್ತಿದ್ದರು, ಅದೂ ಗೆದ್ದವರ ಬಾವುಟಕ್ಕೆ, ಗೆದ್ದವರ ಅಪ್ಪಣೆಯ ಕೆಳಗೆ.

ಇಷ್ಟೇ ಆಗಿದ್ದರೆ ನಮ್ಮ ಕಡಲು ಬೇರೆ ಕಡಲುಗಳ ಹಾಗೆಯೇ ಇರುತ್ತಿತ್ತು. ಅದಕ್ಕೆ ಇನ್ನೊಂದು ಕಟ್ಟಳೆಯಿತ್ತು. ಒಂದೇ ಬಾವುಟದವರ ಮಾತು ನೀರಿನಲ್ಲಿ ಒಬ್ಬರದು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ. ಎದುರು ಬಾವುಟದವರ ಮಾತು ಮಾತ್ರ ಕೇಳಿಸುತ್ತಿತ್ತು. ನಮ್ಮವರಿಗೆ ಅಪ್ಪಣೆ ಸಾಕು, ಮಾತು ಬೇಕಾದದ್ದು ಎದುರಾಳಿಗೆ ಎಂದು ಹಿರಿಯರು ಕಾರಣ ಹೇಳುತ್ತಿದ್ದರು. ಹಾಗಾಗಿ ಊಟವಾದ ಮೇಲೆ ನಮ್ಮ ಬೀದಿಯಲ್ಲಿ ನಡೆದರೆ ಮನೆಮನೆಯಿಂದ ಬೈಗುಳ, ಸವಾಲು, ಕೇಕೆ ಕೇಳಿಸುತ್ತಿದ್ದವು. ಹೊಸಬರು ಜಗಳವೆಂದು ಹೆದರುತ್ತಿದ್ದರು. ಜಗಳವಲ್ಲ, ಅದು ನಮ್ಮ ಊರಿನ ಸ್ನೇಹ.

ನನ್ನ ತಂಗಿ ಬಾವುಟ ಹಿಡಿಯುವ ದಿನ ಹರಿವಾಣವನ್ನು ಹುಣಸೆಹಣ್ಣು ಹಾಕಿ ಉಜ್ಜಿದವಳು ನಾನು. ನಮ್ಮದು ಆಮೆಯ ಮನೆ. ಅಜ್ಜಿ ಆಮೆ, ಅಮ್ಮ ಆಮೆ, ನಾನು ಆಮೆ. ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಮಾತು ಇರಲಿಲ್ಲ. ತಂಗಿಯನ್ನು ಬೆಳಗ್ಗೆಯೇ ಎಣ್ಣೆನೀರು ಹಾಕಿ ಕೂರಿಸಿದೆವು. ಬಾವುಟವಿಲ್ಲದವರಿಗೆ ಎಲ್ಲರ ಮಾತೂ ಕೇಳಿಸುತ್ತದೆ, ಅವರ ಮಾತು ಎಲ್ಲರಿಗೂ ಕೇಳಿಸುತ್ತದೆ. ಅವಳು ಗದ್ದಲಕ್ಕೆ ಬೆದರಿ ಕಿವಿ ಮುಚ್ಚಿಕೊಂಡು ಕೂತಿದ್ದಳು. ಆಗ ನೀರಿನೊಳಗಿನಿಂದ ಒಂದು ಹುಡುಗಿಯ ದನಿ ಬಂತು.

"ಯಾರಾದರೂ ಇದ್ದೀರಾ? ನನಗೆ ನಿದ್ದೆ ಬರ್ತಾ ಇದೆ."

ತಂಗಿ ಬಗ್ಗಿದಳು. "ಬಾವುಟ ಹಿಡಿಯೋ ದಿನ ಯಾರಾದರೂ ನಿದ್ದೆ ಮಾಡ್ತಾರೇನೇ?"

"ಬೆಳಗ್ಗೆಯಿಂದ ಕೂರಿಸಿದ್ದಾರೆ. ಹೋಳಿಗೆ ಬೇರೆ ತಿನ್ನಿಸಿದ್ದಾರೆ. ನೀನೇನು ತಿಂದೆ?"

"ನಾನೂ ಹೋಳಿಗೆ. ಎರಡು."

"ಬರೀ ಎರಡಾ? ಇನ್ನು ನೀನು ಯುದ್ಧ ಮಾಡಿದ ಹಾಗೆಯೇ!"

ತಂಗಿ ನಕ್ಕಳು. ಅವಳು ನಗುವುದನ್ನು ಕೇಳಿ ಅಡುಗೆಮನೆಯಿಂದ ಅಮ್ಮ ಬಂದು ನೋಡಿ ಹೋದಳು. ಇಡೀ ಹಗಲು ಇಬ್ಬರೂ ಹಾಗೆಯೇ ಮಾತಾಡಿದರು. ಊರಿನ ಹೆಸರು ಕೇಳಿದರೆ ಮಾತ್ರ ಉತ್ತರ ದಾಟಿ ಬರುತ್ತಿರಲಿಲ್ಲ. ಊರು, ಬೀದಿ, ಮನೆತನದ ಹೆಸರು, ಇವು ನೀರಿನಲ್ಲಿ ಕರಗಿಹೋಗುತ್ತಿದ್ದವು. ಉಳಿದದ್ದೆಲ್ಲ ದಾಟಿತು. ಸಂಜೆ ಬಿಸಿಲು ಹೊಸಿಲಿಗೆ ಬಂದಾಗ ಆ ಹುಡುಗಿ ಕೇಳಿದಳು.

"ನೀನು ಯಾವುದು ಹಿಡೀತೀಯ?"

"ಆಮೆ. ಬೇರೆ ಹಿಡಿದರೆ ನಮ್ಮಕ್ಕ ಊಟ ಹಾಕಲ್ಲ. ನೀನು?"

"ನಾನೂ ಆಮೆ ಅಂತಿದ್ದೆ. ನನ್ನದು ನಡೆಯೋದೂ ನಿಧಾನ, ತಿನ್ನೋದೂ ನಿಧಾನ. ಅಮ್ಮ ನನ್ನನ್ನ ಕರೆಯೋದೇ ಆಮೆ ಅಂತ."

ಇಬ್ಬರೂ ಒಂದೇ ಬಾವುಟ ಹಿಡಿದರೆ ನಾಳೆಯಿಂದ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

"ಸರಿ ಬಿಡು," ಎಂದಳು ಗೆಳತಿ. "ನಾನು ಮೀನು."

"ನೀನು ಮೀನಾಗಿ ಏನು ಮಾಡ್ತೀಯೇ? ಅದು ಚುರುಕಿನವರಿಗೆ."

"ಮುಳುಗ್ತೀನಿ. ನೀನು ಸ್ವಲ್ಪ ನೋಡಿಕೊಂಡು ಮುಳುಗಿಸು."

ದೀಪ ಹಚ್ಚಿದೆವು. ಒಬ್ಬಳು ಆಮೆ ಹಿಡಿದಳು, ಒಬ್ಬಳು ಮೀನು ಹಿಡಿದಳು. ಹೀಗೆ ಅವರು ಶತ್ರುಗಳಾದರು, ಮಾತಾಡುವುದಕ್ಕೋಸ್ಕರ.

ಹಡಗು ಕಟ್ಟುವ ಬಗೆಯನ್ನೂ ಹೇಳಬೇಕು. ನಮ್ಮ ಹಡಗುಗಳಿಗೆ ಮರ ಬೇಕಿರಲಿಲ್ಲ, ಹೊತ್ತು ಬೇಕಿತ್ತು. ಅಂಗೈಯನ್ನು ಹರಿವಾಣದ ಅಂಚಿನ ಮೇಲಿಟ್ಟು, ಅಲುಗದೆ, ಮಾತಾಡದೆ ಕೂರಬೇಕು. ಕೂತಷ್ಟು ಹೊತ್ತು ನೀರಿಗಿಳಿದು ಹಲಗೆಯಾಗುತ್ತಿತ್ತು. ಆ ಹೊತ್ತಿನಲ್ಲಿ ಬೇರೆ ಏನು ಮಾಡಬೇಕಾಗಿತ್ತೋ ಅದರ ವಾಸನೆ ಹಲಗೆಗೆ ಅಂಟುತ್ತಿತ್ತು. ಉಪ್ಪಿನಕಾಯಿ ಹಾಕಬೇಕಾದ ಮಧ್ಯಾಹ್ನ ಕಟ್ಟಿದ ಹಡಗಿಗೆ ಮಾವಿನಕಾಯಿಯ ಸೊನೆಯ ವಾಸನೆ. ನನ್ನ ಸೀಮಂತದ ದಿನ ಆರತಿಗೆ ಕರೆದರೂ ಏಳದೆ ತಂಗಿ ಕಟ್ಟಿದ ಹಡಗಿಗೆ ಮಲ್ಲಿಗೆಯ, ಹಸಿ ಅರಿಶಿನದ ವಾಸನೆ. ಆ ಹಡಗು ಬಹಳ ಗಟ್ಟಿಯಾಗಿತ್ತು.

ಮೊದಮೊದಲು ಅವರು ಕಟ್ಟಿದ್ದು ಕಡಿಮೆ, ಮಾತಾಡಿದ್ದೇ ಹೆಚ್ಚು. ತಂಗಿ ಒಂದು ಹಡಗು ತಳ್ಳುವಳು, ಗೆಳತಿ ಒಂದು ದೋಣಿ ಬಿಡುವಳು. ಗೆಳತಿಗೆ ದೋಣಿಯನ್ನು ತಿರುಗಿಸುವುದು ಕೊನೆಗೂ ಬರಲಿಲ್ಲ. ಎಡಕ್ಕೆ ತಿರುಗಿಸಿದರೆ ಬೇಕಾದ್ದಕ್ಕಿಂತ ಹೆಚ್ಚು ತಿರುಗಿ ಬಂದ ದಾರಿಗೇ ಮುಖ ಮಾಡುತ್ತಿತ್ತು.

"ಎಲ್ಲಿಗೆ ಹೊರಟೆಯೇ, ತವರಿಗಾ?" ಎಂದು ತಂಗಿ ಕೂಗುವಳು.

"ನಿನ್ನ ಹಡಗಿನ ಮೈ ನೋಡಿ ಗಾಬರಿಯಾಯಿತು ಕಣೇ. ಮದುವೆ ಮನೆಗೆ ಬಂದ ಸೋದರತ್ತೆ ಹಾಗೆ ಕೂತಿದೆ, ಎಬ್ಬಿಸೋಕೆ ನಾಲ್ಕು ಜನ ಬೇಕು!"

ಆ ಕಾಲದಲ್ಲಿ ಒಂದು ಪದ್ಧತಿಯಿತ್ತು. ಗೆದ್ದವರು ಸೋತವರದೊಂದು ದೋಣಿಯನ್ನು ಮುಳುಗಿಸದೆ ಬಿಡುತ್ತಿದ್ದರು. ಅದಕ್ಕೆ ಮಾತಿನ ದೋಣಿ ಎನ್ನುತ್ತಿದ್ದರು. ಅದೊಂದು ತೇಲುತ್ತಿರುವವರೆಗೆ ಸೋತವರು ತಮ್ಮ ಬಾವುಟದಲ್ಲೇ ಉಳಿಯುತ್ತಿದ್ದರು, ಮಾರನೆಯ ದಿನವೂ ಬೈಗುಳ ಕೇಳಿಸುತ್ತಿತ್ತು. ತಂಗಿ ಎಷ್ಟು ಸಲ ಗೆದ್ದರೂ ಗೆಳತಿಯ ಮಾತಿನ ದೋಣಿಗೆ ಕೈ ಹಚ್ಚಿದವಳಲ್ಲ.

ಆದರೆ ಗೆಲ್ಲುವುದು ಅವಳಿಗೆ ಚೆನ್ನಾಗಿ ಬರುತ್ತಿತ್ತು. ನಮ್ಮ ಮನೆಯವರಿಗೆ ಕೈ ಹಾಕಿದ ಕೆಲಸವನ್ನು ಅಚ್ಚುಕಟ್ಟಾಗಿ ಮಾಡದೆ ಇರಲು ಬರುವುದಿಲ್ಲ. ಅವಳು ಹಡಗುಗಳನ್ನು ಸಾಲಾಗಿ ನಿಲ್ಲಿಸಿದಳು. ಮುಂದಿನ ಸಾಲಿಗೆ ದಪ್ಪದವು, ಹಿಂದಿನ ಸಾಲಿಗೆ ಎತ್ತರದ ಹಾಯಿಯವು. ಪ್ರತಿ ಹಡಗಿನ ಮುಂಭಾಗದಲ್ಲಿ ಎರಡು ಕಣ್ಣು ಬರೆದಳು, ದಾರಿ ನೋಡಲು. ಹಿಂಭಾಗದಲ್ಲಿ ಎರಡು ಕಣ್ಣು ಬರೆದಳು, ದಡದ ಅಪ್ಪಣೆ ನೋಡಲು. ಹರಿವಾಣದ ಅಂಚಿಗೆ ಒಂದು ಬಿದಿರ ಕಡ್ಡಿ ಸಿಕ್ಕಿಸಿದಳು. ಅದೇ ಅಪ್ಪಣೆಯ ಕಂಬ. ಬಿಳಿ ಬಟ್ಟೆ ಏರಿಸಿದರೆ ಹೋಗಿ. ಹಸಿರು ಏರಿಸಿದರೆ ಬನ್ನಿ. ಹಳದಿಗೆ ತಿರುಗಿ. ಕಪ್ಪಿಗೆ ನಿಲ್ಲಿ. ನಾಲ್ಕೇ ಬಟ್ಟೆ, ನಾಲ್ಕೇ ಮಾತು. ಹಡಗುಗಳು ತಪ್ಪದೆ ಕೇಳುತ್ತಿದ್ದವು. ಊರಿನವರು ನೋಡಲು ಬಂದು ಬಾಯಿ ಮೇಲೆ ಬೆರಳಿಟ್ಟುಕೊಳ್ಳುತ್ತಿದ್ದರು.

ಹಡಗು ಹೆಚ್ಚಿದಷ್ಟು ಕೂರುವ ಹೊತ್ತು ಹೆಚ್ಚಿತು. ಕೂರುವ ಹೊತ್ತು ಹೆಚ್ಚಿದಷ್ಟು ಮಾತು ಕಡಿಮೆಯಾಯಿತು. ಗೆಳತಿ ನೀರಿನಿಂದ ಕರೆಯುವಳು. "ಏನೇ, ಇದ್ದೀಯಾ?" ತಂಗಿಯ ಅಂಗೈ ಅಂಚಿನ ಮೇಲಿರುತ್ತಿತ್ತು, ಬಾಯಿ ತೆರೆದರೆ ಅರ್ಧವಾದ ಹಲಗೆ ಕರಗುತ್ತದೆ. ಉತ್ತರ ಕೊಡುತ್ತಿರಲಿಲ್ಲ. ಗೆಳತಿ ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಿ, "ಸರಿ, ಕಟ್ಟಿಕೋ. ನಾನು ಇಲ್ಲೇ ಇರ್ತೀನಿ" ಎನ್ನುತ್ತಿದ್ದಳು.

ಆಮೆಯವರು ಗೆಲ್ಲುತ್ತ ಹೋದರು. ಕೊಕ್ಕರೆಯವರು ದೂರದಿಂದ ನಮ್ಮ ಸಾಲುಗಳನ್ನು ಕಂಡು, ಯುದ್ಧವನ್ನೇ ಮಾಡದೆ, ಹರಿವಾಣದ ನೀರು ಚೆಲ್ಲಿ ಎದ್ದುಹೋದರು. ಮಾತಿನ ದೋಣಿ ಬಿಡುವ ಪದ್ಧತಿಯನ್ನು ನಮ್ಮವರು ಕೈಬಿಟ್ಟರು, ಮೀನಿನವರು ಒಬ್ಬೊಬ್ಬರಾಗಿ ಸೋತು ಆಮೆಯ ಬಾವುಟಕ್ಕೆ ಬಂದರು. ಕಡೆಗೆ ಇಡೀ ಕಡಲಿನಲ್ಲಿ ಎದುರು ಬಾವುಟದ ದೋಣಿಯೆಂದರೆ ಒಂದೇ. ತಂಗಿಯ ಗೆಳತಿಯ ಮಾತಿನ ದೋಣಿ.

ಆಗ ಆಮೆಯವರ ಮುಖಂಡ ನಮ್ಮ ಮನೆಗೆ ಬಂದ. ಅವನು ನಮ್ಮ ಊರಿನವನೇ. ನೀರಿನಲ್ಲಿ ಅವನ ಮಾತು ನಮಗೆ ಕೇಳಿಸದ ಕಾರಣ ಮನೆಮನೆಗೆ ನಡೆದೇ ಬರಬೇಕಿತ್ತು. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡ.

"ಏನು ತಂಗೀ, ಇಷ್ಟು ಹಡಗು ಕಟ್ಟಿ ಬಂದರಿನಲ್ಲೇ ಇಟ್ಟಿದ್ದೀಯ. ಪಾಚಿ ಕಟ್ಟುತ್ತೆ ಅಷ್ಟೇ."

"ಹೊರಗೆ ಕಳಿಸೋಕೆ ಯಾರಿದ್ದಾರೆ ಅಣ್ಣ? ಇರೋದು ಒಂದು ದೋಣಿ. ಅದು ಮಾತಿನ ದೋಣಿ. ಅದನ್ನ ನಾನು ಮುಟ್ಟಲ್ಲ."

"ಮುಟ್ಟು ಅಂತ ಯಾರು ಹೇಳಿದರು? ಎಲ್ಲವನ್ನೂ ಒಂದು ಸಲ ಹೊರಗೆ ತೆಗಿ. ಒಂದೇ ಒಂದು ಸಲ. ಕಡಲು ಕಣ್ತುಂಬ ನೋಡಲಿ. ಆಮೇಲೆ ಒಳಗೆ ಕರೆದುಕೊ. ಇಂಥ ನೌಕಾಪಡೆಯನ್ನ ಕಟ್ಟಿದವಳೇ ನೋಡದಿದ್ದರೆ ಹೇಗೆ?"

ಅವನು ಹೋದ ಮೇಲೆ ತಂಗಿ ಬಹಳ ಹೊತ್ತು ಹರಿವಾಣವನ್ನೇ ನೋಡುತ್ತ ನಿಂತಿದ್ದಳು. ಅಷ್ಟು ವರ್ಷಗಳ ಹೊತ್ತು ಆ ಬಂದರಿನಲ್ಲಿತ್ತು. ಹಬ್ಬಗಳಿದ್ದವು, ಬಾಣಂತನಗಳಿದ್ದವು, ಅಮ್ಮ ತೀರಿಕೊಂಡ ವಾರದ್ದೊಂದು ಹಡಗಿತ್ತು. ಅವೆಲ್ಲ ಒಟ್ಟಿಗೆ ಹಾಯಿ ಬಿಚ್ಚುವುದನ್ನು ನೋಡುವ ಆಸೆ ಅವಳಿಗಿತ್ತು. ನನಗೂ ಇತ್ತು.

ಅಂದೇ ಗೆಳತಿಗೆ ಹೇಳಿದಳು. "ನಾಳೆ ನನ್ನ ಹಡಗುಗಳೆಲ್ಲ ಹೊರಗೆ ಬರ್ತಾವೆ. ನೀನು ಹೆದರಬೇಡ. ನಿನ್ನ ಹತ್ತಿರ ಬರೋಕೆ ಮುಂಚೆ ನಿಲ್ಲಿಸ್ತೀನಿ."

"ಹೆದರೋದಾ? ಒಳ್ಳೆ ಸೀರೆ ಉಟ್ಟುಕೊಂಡು ಕೂತಿರ್ತೀನಿ. ಸೋದರತ್ತೆಯರ ಮೆರವಣಿಗೆ ಯಾವಾಗ ಸಿಗುತ್ತೆ ನೋಡೋಕೆ!"

ಮಾರನೆಯ ದಿನ ಊಟವಾದ ಮೇಲೆ ತಂಗಿ ಬಿಳಿ ಬಟ್ಟೆ ಏರಿಸಿದಳು. ಬಂದರು ಅಲುಗಿತು. ಮುಂದಿನ ಸಾಲು ಹೊರಟಿತು, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಇನ್ನೊಂದು. ನಡುಮನೆಯ ತುಂಬ ಮಲ್ಲಿಗೆಯ, ಮಾವಿನಕಾಯಿಯ, ಬಾಣಂತಿ ಕೋಣೆಯ ಸಾಂಬ್ರಾಣಿಯ ವಾಸನೆ ಎದ್ದಿತು. ಹಾಯಿಯ ಮೇಲೆ ಹಾಯಿ ಬಿಚ್ಚಿಕೊಂಡು ನೀರು ಕಾಣದಂತಾಯಿತು. ನೀರಿನಾಚೆಯಿಂದ ಗೆಳತಿಯ ದನಿ ಬಂತು. "ಅಬ್ಬಾ! ಏನೇ ಇದು! ಇಷ್ಟು ದಿನ ನೀನು ಉತ್ತರ ಕೊಡದೆ ಕೂತದ್ದೆಲ್ಲ ಇದೇನಾ?"

"ಇದೇ," ಎಂದಳು ತಂಗಿ. ಅವಳ ಮುಖದಲ್ಲಿ ನಾನು ಹಿಂದೆ ಕಂಡಿರದ ಬೆಳಕಿತ್ತು. ನೋಡುತ್ತ, ನೋಡುತ್ತ, ಇನ್ನೂ ಸ್ವಲ್ಪ ಎಂದು ನೋಡುತ್ತ, ಕಡೆಗೆ ಅವಳು ಕಪ್ಪು ಬಟ್ಟೆ ಏರಿಸಿದಳು.

ಹಿಂದಿನ ಸಾಲು ನಿಂತಿತು. ಮುಂದಿನ ಸಾಲು ನಿಲ್ಲಲಿಲ್ಲ.

ನನಗೆ ಮೊದಲು ಅರ್ಥವಾಗಲಿಲ್ಲ. ಅವಳಿಗೆ ಆಯಿತು. ಎತ್ತರದ ಹಾಯಿಯವುಗಳನ್ನು ಅವಳೇ ಹಿಂದಿನ ಸಾಲಿಗೆ ಹಾಕಿದ್ದಳು. ನಾಲ್ಕೆಂಟು ಹಡಗು ಹೊರಟಾಗ ಎಂದೂ ತೊಂದರೆಯಾಗಿರಲಿಲ್ಲ. ಎಲ್ಲವೂ ಒಟ್ಟಿಗೆ ಹೊರಟದ್ದು ಅಂದೇ ಮೊದಲು. ಮುಂದಿನ ಹಡಗುಗಳ ಹಿಂಗಣ್ಣುಗಳಿಗೆ ನಮ್ಮ ಹಾಯಿಗಳೇ ಅಡ್ಡವಾಗಿದ್ದವು. ಕಂಬ ಕಾಣುತ್ತಿರಲಿಲ್ಲ. ಅವು ಕೊನೆಗೆ ಕಂಡ ಅಪ್ಪಣೆ ಬಿಳಿ. ಹೋಗಿ ಎಂದರೆ ನಿಲ್ಲಿ ಎನ್ನುವವರೆಗೂ ಆಮೆಯ ಹಡಗು ಹೋಗುತ್ತದೆ.

ತಂಗಿ ಹರಿವಾಣದ ಮೇಲೆ ಬಗ್ಗಿ ಕಿರುಚಿದಳು. "ನಿಲ್ಲಿ! ನಿಲ್ಲಿ!"

ಅವು ಅವಳವು. ಅವಳ ಮಾತು ಅವಕ್ಕೆ ಕೇಳಿಸುವುದಿಲ್ಲ. ಕೇಳಿಸಿದ್ದು ಒಬ್ಬಳಿಗೆ.

"ನನಗೆ ಯಾಕೆ ಹೇಳ್ತೀಯ?" ಎಂದಳು ಗೆಳತಿ. "ನಾನು ನಿಂತೇ ಇದ್ದೀನಿ."

"ಓಡೇ! ದೋಣಿ ತಿರುಗಿಸಿಕೊಂಡು ಓಡು!"

"ಎಲ್ಲಿಗೆ ಓಡಲಿ? ಕಡಲು ತುಂಬ ನೀನೇ ಇದ್ದೀಯ."

ಆದರೂ ಅವಳು ದೋಣಿ ತಿರುಗಿಸಿದಳು. ಅದು ಎಂದಿನಂತೆ ಹೆಚ್ಚು ತಿರುಗಿ ನಮ್ಮ ಹಡಗುಗಳಿಗೇ ಮುಖ ಮಾಡಿ ನಿಂತಿತು. ತಂಗಿ ನೀರಿಗೆ ಕೈ ಹಾಕಿ ಹಡಗುಗಳನ್ನು ಹಿಡಿಯಲು ನೋಡಿದಳು. ಕೈಗೆ ನಾಲ್ಕು ಬೆರಳು ನೀರು ಸಿಕ್ಕಿತು, ತಾಮ್ರದ ತಳ ಸಿಕ್ಕಿತು. ಹಡಗು ಸಿಗಲಿಲ್ಲ.

ಗೆಳತಿಗೆ ಗೊತ್ತಾಗಿತ್ತು. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ. "ಹೋಗಲಿ ಬಿಡು," ಎಂದಳು. "ಕಿರುಚಬೇಡ. ಇವತ್ತು ಏನು ಅಡುಗೆ ಮಾಡಿದ್ದೆ, ಅದು ಹೇಳು."

ತಂಗಿ ಕಂಬದ ಕಪ್ಪು ಬಟ್ಟೆಯನ್ನು ಇಳಿಸುತ್ತಿದ್ದಳು, ಏರಿಸುತ್ತಿದ್ದಳು, "ನಿಲ್ಲಿ" ಎಂದು ಕೂಗುತ್ತಿದ್ದಳು.

"ಏನು ಅಡುಗೆ ಕಣೇ?"

ತಂಗಿ ತಿರುಗಿ, "ಹುರುಳಿಕಾಯಿ..." ಎನ್ನುವಷ್ಟರಲ್ಲಿ ಸೀಮಂತದ ದಿನದ ಹಡಗು ಆ ದೋಣಿಯ ಮೇಲೆಯೇ ಹಾಯ್ದುಹೋಯಿತು. ನೀರಿನ ಮೇಲೆ ಒಂದು ಸುಳಿ ಎದ್ದು ಮುಚ್ಚಿಕೊಂಡಿತು. ಹಡಗು ಮುಂದೆ ಹೋಯಿತು.

ಸಂಜೆ ಮುಖಂಡ ಊರಿಗೆಲ್ಲ ಸಕ್ಕರೆ ಹಂಚಿದ. ಕಡಲೆಲ್ಲ ಆಮೆಯದಾಗಿತ್ತು. ಸಕ್ಕರೆ ತಿಂದವರು ತಮ್ಮ ತಮ್ಮ ಹರಿವಾಣಗಳ ಮುಂದೆ ಕೂತರು. ಬೀದಿಯಲ್ಲಿ ಒಂದು ದನಿಯೂ ಇರಲಿಲ್ಲ.

ಮಾರನೆಯ ಬೆಳಗ್ಗೆ ನಮ್ಮ ಬಂದರಿನಲ್ಲಿ ಒಂದು ಹೊಸ ದೋಣಿ ಬಂದು ನಿಂತಿತ್ತು. ಚಿಕ್ಕದು, ದಪ್ಪ ಮೈಯದು. ಅದರ ಮೇಲೆ ಆಮೆಯ ಬಾವುಟ, ಹಿಂಭಾಗದಲ್ಲಿ ಎರಡು ಕಣ್ಣು. ತಂಗಿ ಬಿಕ್ಕುತ್ತ ಕರೆದಳು. "ಬಂದೆಯಾ? ಏನೇ, ಬಂದೆಯಾ?" ನೀರು ಸುಮ್ಮನಿತ್ತು. ಗೆಳತಿಯೂ ಅಲ್ಲಿಂದ ಏನಾದರೂ ಹೇಳುತ್ತಿದ್ದಳೇನೋ. ಇಬ್ಬರೂ ಈಗ ಒಂದೇ ಬಾವುಟದವರು.

ತಂಗಿ ಮುಖಂಡನ ಮನೆಗೆ ಹೋದಳು. ನಾನೂ ಜೊತೆಗೆ ಹೋದೆ.

"ನಾನು ಬಾವುಟ ಬದಲಿಸಬೇಕು ಅಣ್ಣ."

"ಸೋತವರು ಬದಲಿಸಬಹುದು."

"ಹಾಗಾದರೆ ನಾನು ಸೋಲ್ತೀನಿ."

"ಯಾರ ಹತ್ತಿರ?" ಎಂದ ಮುಖಂಡ. ಕುಹಕವಿರಲಿಲ್ಲ, ಅವನಿಗೂ ಉತ್ತರ ಬೇಕಾಗಿತ್ತು. ಅವನೇ ಮತ್ತೆ ಹೇಳಿದ. "ಮೀನಿನವನೊಬ್ಬ ನನ್ನನ್ನ ಬೋಳುಮಂಡೆ ಅಂತ ಬೈತಿದ್ದ ತಂಗೀ. ಆ ಮಾತು ಕೇಳಿ ಎಷ್ಟು ದಿನವಾಯಿತು."

ಆಮೆಯ ಹಡಗು ಆಮೆಯ ಹಡಗನ್ನು ಮುಳುಗಿಸಲಾರದು. ತಂಗಿ ಹಡಗುಗಳನ್ನು ಒಂದಕ್ಕೊಂದು ಗುದ್ದಿಸಿ ನೋಡಿದಳು. ಅವನ್ನು ಅಷ್ಟು ಗಟ್ಟಿಯಾಗಿ ಕಟ್ಟಿದವಳು ಅವಳೇ. ಜನ ಮೆಲ್ಲಗೆ ಹರಿವಾಣ ಬಿಟ್ಟೆದ್ದರು. ನೀರು ಚೆಲ್ಲಿ, ತಾಮ್ರ ಒರೆಸಿ, ಸಂಡಿಗೆ ಒಣಗಿಸಲು ಮಾಳಿಗೆಗೆ ಒಯ್ದರು. ಬಾವುಟ ಹಿಡಿಯುವ ದಿನಗಳು ನಿಂತುಹೋದವು. ಒಂದೇ ಬಾವುಟವಿರುವಾಗ ಹಿಡಿಯುವುದೇನು? ನೀರುಳಿದದ್ದು ನಮ್ಮ ಹರಿವಾಣದಲ್ಲಿ. ಮತ್ತೆ, ಎಲ್ಲಿಯೋ, ಇನ್ನೊಂದರಲ್ಲಿ. ಆ ಚಿಕ್ಕ ದೋಣಿ ದಿನವೂ ಬರುತ್ತಿತ್ತು.

ತಂಗಿಯ ಹತ್ತಿರ ಗೆಳತಿಗೆ ಹೇಳಲು ಉಳಿದದ್ದು ನಾಲ್ಕು ಮಾತು. ಹೋಗಿ, ಬನ್ನಿ, ತಿರುಗಿ, ನಿಲ್ಲಿ. ಊಟವಾದ ಮೇಲೆ ಹರಿವಾಣದ ಮುಂದೆ ಕೂತು ಹಳದಿ ಬಟ್ಟೆ ಏರಿಸುವಳು. ದೋಣಿ ತಿರುಗುವುದು, ಬೇಕಾದ್ದಕ್ಕಿಂತ ಹೆಚ್ಚಾಗಿ. ತಂಗಿ ನಗಲು ಬಾಯಿ ತೆರೆದು ಮುಚ್ಚುವಳು. ಹಸಿರು ಏರಿಸುವಳು. ದೋಣಿ ಹತ್ತಿರ ಬರುವುದು. ಬಂದು ಹಿಂಗಣ್ಣು ತಿರುಗಿಸಿ ಮುಂದಿನ ಅಪ್ಪಣೆಗೆ ಕಾಯುವುದು. ತಂಗಿ ಏನನ್ನೂ ಏರಿಸದಿದ್ದರೆ ಸಂಜೆಯವರೆಗೂ ಕಾಯುವುದು.

"ಅವಳು ನನ್ನ ಮಾತು ಕೇಳ್ತಾಳೆ ಅಕ್ಕ," ಎಂದಳು ಒಂದು ದಿನ. "ಮುಂಚೆ ಒಂದು ದಿನವೂ ಕೇಳಿದವಳಲ್ಲ."

ಆ ದಿನ ಅವಳು ಕಂಬಕ್ಕೆ ಬಿಳಿ ಬಟ್ಟೆ ಏರಿಸಿದಳು. ಆ ದೋಣಿಗೆ ಮಾತ್ರ ಕಾಣುವ ಹಾಗೆ. ಹೋಗು, ಎಲ್ಲಿಗಾದರೂ ಹೋಗು, ನನ್ನ ಕಂಬದ ಕೆಳಗಿನಿಂದ ಹೋಗು ಎಂಬ ಅರ್ಥದಲ್ಲಿ. ದೋಣಿ ಹೊರಟಿತು. ನಿಂತ ಹಡಗುಗಳ ನಡುವಿನಿಂದ ನಿಧಾನವಾಗಿ, ನೇರವಾಗಿ ಹೋಯಿತು. ಕಡಲಿನ ಕೊನೆಗೆ ಹೋಯಿತು. ಅಲ್ಲಿ ನೀರು ಮುಗಿದು ತಾಮ್ರದ ಅಂಚಿತ್ತು. ಬೇರೆ ಅಪ್ಪಣೆಯಿಲ್ಲದ ದೋಣಿ ಹೋಗುತ್ತಲೇ ಇರಲು ನೋಡಿತು. ಅಂಚಿಗೆ ತಾಗಿತು. ಹಿಂದಕ್ಕೆ ಸರಿದು ಮತ್ತೆ ತಾಗಿತು.

ಟಕ್. ಟಕ್.

ನಾನು ಅಡುಗೆಮನೆಯಿಂದ ಬಂದೆ. "ಏನೇ ಅದು ಶಬ್ದ? ಕಪ್ಪು ಏರಿಸಿ ನಿಲ್ಲಿಸು, ದೋಣಿ ಒಡೆದುಹೋಗುತ್ತೆ."

ತಂಗಿಯ ಕೈಯಲ್ಲಿ ಕಪ್ಪು ಬಟ್ಟೆಯಿತ್ತು. ಅವಳು ಹರಿವಾಣದ ಅಂಚಿಗೆ ಕಿವಿಯಿಟ್ಟಿದ್ದಳು.

"ಇರು ಅಕ್ಕ," ಎಂದಳು. "ಇಷ್ಟು ದಿನಕ್ಕೆ ಇವತ್ತು ಸದ್ದು ಮಾಡ್ತಿದ್ದಾಳೆ."

ಟಕ್. ಟಕ್. ಟಕ್.

ನೀರು ಒಂದೇ. ಗೆಳತಿಯ ಮನೆಯ ತಾಮ್ರದಲ್ಲೂ ಇದೇ ಸದ್ದು ಏಳುತ್ತಿರಬೇಕು. ನಾನು ಒಲೆಯ ಮೇಲಿನ ಪಾತ್ರೆ ಇಳಿಸಿ ಬಂದು ತಂಗಿಯ ಎದುರಿಗೆ ಕೂತೆ. ಅವಳು ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದಳು, ಏರಿಸಲಿಲ್ಲ.